ರೆಡ್ ಬಿದ್ದ ಭಾನುವಾರ

ಭಾನುವಾರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಡ್ರಿಲ್ ಮಾಡುವಂತಿಲ್ಲ, ಸುತ್ತಿಗೆ ಹೊಡೆಯುವಂತಿಲ್ಲ. ಬಡಗಿಗಳು ಬಟ್ಟೆ ಒಗೆದು ಹರವಿ ಹಾಯಾಗಿ ಮಲಗುತ್ತಾರೆ. ಡ್ರಿಲ್ ಮೆಷಿನ್ನಿಗೂ ರಜೆ. ರಜೆ ಇಲ್ಲದವಳು ನೌರೀನ್ ಒಬ್ಬಳೇ. ಕಾಕ್ಸ್ ಟೌನಿನಲ್ಲಿ ಅವಳದು ಪುಟ್ಟ ಇಂಟೀರಿಯರ್ ಡಿಸೈನ್ ಆಫೀಸು. ಮನೆ ಮಾಡಿಸುವವರಿಗೆ ಬಿಡುವು ಸಿಗುವುದೇ ಭಾನುವಾರ. ಹಾಗಾಗಿ ಸದ್ದಿಲ್ಲದ ಕೆಲಸವೆಲ್ಲ ಅಂದು ಅವಳ ಫೋನಿಗೆ ಬಂದು ಬೀಳುತ್ತಿತ್ತು. ಪರದೆಯ ಬಣ್ಣಕ್ಕೆ ಗಂಡ ಹೆಂಡತಿ ಆಡುವ ಜಗಳ ಬಿಡಿಸುವುದೂ ಅದರಲ್ಲಿ ಸೇರಿತ್ತು. ಆರು ವರ್ಷ ಅವಳು ಇದನ್ನು ವ್ಯವಹಾರ ಎಂದುಕೊಂಡಳು. ಅಕ್ಕ ಲುಬ್ನಾ ಇದನ್ನು ಹುಚ್ಚು ಎಂದಳು. ನನ್ನನ್ನು ಕೇಳಿದರೆ ಅಕ್ಕ ಹೇಳಿದ್ದೇ ಸರಿ.

ಈ ಅಕ್ಕ ತಂಗಿಯರು ಅಬ್ಬಾ ತಂದುಕೊಟ್ಟ ಕೇರಂ ಬೋರ್ಡಿನ ಎದುರುಬದುರು ಕೂತು ಬೆಳೆದವರು. ವರ್ಷಕ್ಕೊಮ್ಮೆ ಕಾಕ್ಸ್ ಟೌನಿನ ಹಾಲೊಂದರಲ್ಲಿ ಹೆಂಗಸರ ಡಬಲ್ಸ್ ಪಂದ್ಯ ನಡೆಯುತ್ತದೆ. ಹೋದ ವರ್ಷ ಸೆಮಿಫೈನಲ್ ಆಡುತ್ತಿರುವಾಗಲೇ ಬಡಗಿ ಹಂಪಣ್ಣ ಬಾಗಿಲಿಗೆ ಅಂಟಿಸುವ ಲ್ಯಾಮಿನೇಟ್ ಹಾಳೆಯ ಫೋಟೋ ಕಳಿಸಿದ. ನೌರೀನ್ ಬೋರ್ಡಿನ ಕೆಳಗೆ ಫೋನ್ ಹಿಡಿದು, ಸರಿಯಾಗಿ ನೋಡದೆ, ಹೆಬ್ಬೆರಳಿನ ಚಿತ್ರ ಒತ್ತಿಬಿಟ್ಟಳು. ಹೆಬ್ಬೆರಳು ಬಂತೆಂದರೆ ಹಂಪಣ್ಣನಿಗೆ ಒಪ್ಪಿಗೆ ಬಂದಂತೆಯೇ. ಸೋಮವಾರ ಸಂಜೆಯೊಳಗೆ ಇಪ್ಪತ್ತೆರಡು ಬಾಗಿಲಿಗೆ ಮನೆಯವರು ಕೇಳದ ಗಿಳಿಹಸಿರು ಅಂಟಿಸಿ ಕೈ ತೊಳೆದುಕೊಂಡ. ಇತ್ತ ಪಂದ್ಯವೂ ಹೋಯಿತು. ಅಕ್ಕಿ ಮೇಲಾಸೆ, ನೆಂಟರ ಮೇಲೆ ಪ್ರೀತಿ ಅಂತ ಕೂತವರಿಗೆ ಇನ್ನೇನಾಗುತ್ತದೆ?

"ಇನ್ನೊಂದ್ ಸಲ ಆಟದ ಮಧ್ಯೆ ಕ್ಲೈಂಟ್ ಅಂತ ತಲೆ ತಿರುಗಿಸಿದ್ರೆ ನಾನು ಬೇರೆ ಪಾರ್ಟ್‌ನರ್ ನೋಡ್ಕೊತೀನಿ" ಎಂದಳು ಲುಬ್ನಾ. ನಗಲಿಲ್ಲ. ಇಪ್ಪತ್ತೈದು ವರ್ಷದ ಜೊತೆಯಾಟ. ಆ ಮಾತು ನೌರೀನಳಿಗೆ ಚುರುಕ್ಕೆಂದಿತು.

ಅದಾದ ಮೇಲೆ ಅವಳು ಕಾಗದದ ಮೇಲೆ ಕಟ್ಟಳೆ ಬರೆದಳು. ಸ್ಯಾಂಪಲ್ಲಿನ ಬೆನ್ನಿಗೆ ಸಹಿ ಬಿದ್ದರೆ ಮಾತ್ರ ಒಪ್ಪಿಗೆ. ಭಾನುವಾರ ಫೋನಿಲ್ಲ, ಮೆಸೇಜಿಲ್ಲ, ಭೇಟಿಯಿಲ್ಲ. ಕರಾರಿನ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದಳು. ಎಲ್ಲರೂ ತಲೆದೂಗಿ ಸಹಿ ಹಾಕಿದರು, ಯಾರೂ ನಂಬಲಿಲ್ಲ. ಇಂದಿರಾನಗರದ ಜಯಮಾಲಾ ಅವರಂತೂ ಸಹಿ ಹಾಕುತ್ತ ಸಣ್ಣಗೆ ನಕ್ಕಿದ್ದರು. ಅವರ ಮನೆಯ ಕೆಳಮಹಡಿ ಮುಗಿಯುತ್ತ ಬಂದಿತ್ತು, ಮೇಲ್ಮಹಡಿಯ ಮಾತು ಇನ್ನೂ ಬಾಕಿಯಿತ್ತು.

ಈ ವರ್ಷ ಅಕ್ಕ ತಂಗಿ ಫೈನಲ್ ತಲುಪಿದರು. ನೌರೀನಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಫೋನ್ ಆಫ್ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಜಾಣೆ. ಆದರೆ ಖುಷಿ ತಡೆಯಲಾರದೆ ಹಿಂದಿನ ದಿನವೇ ಹಾಲಿನ ವಿಳಾಸ, ಆಟದ ಸಮಯ ಎಲ್ಲವನ್ನೂ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಳು. ಮುಂದಿನ ಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು.

ಎದುರಾಳಿಗಳು ಹಲಸೂರಿನ ಜಟ್ಟೆಮ್ಮ ಮತ್ತು ಅವಳ ಸೊಸೆ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಂತೆ, ಬೋರ್ಡಿನ ಮುಂದೆ ಮಾತ್ರ ಒಂದೇ ಜೀವ. ಕೊನೆಯ ಬೋರ್ಡಿಗೆ ಎರಡೂ ಕಡೆ ಸಮಸಮ. ಜಟ್ಟೆಮ್ಮನ ಕಡೆ ಒಂದು ಕಪ್ಪು, ಇವರ ಕಡೆ ಒಂದು ಬಿಳಿ, ನಡುವೆ ರೆಡ್ ಕಾಯಿ. ಕೇರಂ ಆಡಿದವರಿಗೆಲ್ಲ ಗೊತ್ತು, ರೆಡ್ ಹಾಕಿದರೆ ಸಾಲದು, ಮರು ಏಟಿಗೇ ತಮ್ಮ ಕಾಯೊಂದನ್ನು ಹಾಕಿ ಅದನ್ನು ಕವರ್ ಮಾಡಬೇಕು. ತಪ್ಪಿದರೆ ರೆಡ್ ವಾಪಸು, ಸರದಿ ಎದುರಾಳಿಗೆ.

ನೌರೀನ್ ಹೊಡೆದಳು. ರೆಡ್ ಅಂಚಿಗೆ ತಾಗಿ, ಅಳುಕುತ್ತ ಉರುಳಿ, ಒಳಗೆ ಬಿತ್ತು. ಹಾಲೆಲ್ಲ ಸದ್ದು ಎದ್ದು ಅಡಗಿತು. ಅವಳು ಸ್ಟ್ರೈಕರ್ ಇಟ್ಟು ಬೆರಳು ಮಡಚುವಷ್ಟರಲ್ಲಿ ಬೆನ್ನ ಹಿಂದಿನಿಂದ ಪರಿಚಯದ ದನಿ ಬಂತು.

"ನೌರೀನ್ ಮೇಡಂ, ಸಾರಿ, ಎರಡೇ ನಿಮಿಷ." ಜಯಮಾಲಾ. ಕೈಚೀಲದ ತುಂಬ ಬೀರು ಬಾಗಿಲಿನ ಹಿಡಿಗಳು. "ಹಿತ್ತಾಳೆದಾ, ಕಪ್ಪುದಾ, ಅಷ್ಟು ಹೇಳ್ಬಿಡಿ. ನಾಳೆ ಹಂಪಣ್ಣ ತೂತು ಹೊಡೀತಾನೆ."

ಲುಬ್ನಾ ಬೋರ್ಡಿನ ಆಚೆಯಿಂದ ತಂಗಿಯನ್ನೇ ನೋಡಿದಳು. ಹಿತ್ತಾಳೆಯದು ಎಂಬ ಮಾತು ನೌರೀನಳ ನಾಲಿಗೆಯ ತುದಿಗೆ ಬಂದಾಗಿತ್ತು. ಒಂದು ಪದ, ಹೇಳಿದರೆ ಏನು ಗಂಟು ಹೋಗುತ್ತದೆ? ಹಾಗೆಂದುಕೊಂಡೇ ಆರು ವರ್ಷದ ಭಾನುವಾರಗಳು ಕಳೆದಿದ್ದವು.

"ಸೋಮವಾರ ಹತ್ತಕ್ಕೆ ಮೇಡಂ" ಎಂದಳು, ತಲೆ ತಿರುಗಿಸದೆ. "ಈಗ ರೆಡ್ ಕವರ್ ಆಗ್ಬೇಕು."

"ಹಾಗಾದ್ರೆ ಮೇಲ್ಮಹಡಿ ಬೇರೆಯವರಿಗೆ ಕೊಡೋದು ಒಳ್ಳೇದೇನೋ."

ಮೇಲ್ಮಹಡಿ ಅಂದರೆ ಇಡೀ ಆಫೀಸಿಗೆ ಎಂಟು ತಿಂಗಳ ಕೆಲಸ. ನೌರೀನ್ ಬಿಳಿ ಕಾಯಿಯನ್ನಷ್ಟೇ ನೋಡಿದಳು. ಹೊಡೆದಳು.

ಬಿತ್ತು.

ಹಾಲ್ ಎದ್ದು ನಿಂತಿತು. ಲುಬ್ನಾ ಬೋರ್ಡು ಸುತ್ತಿ ಓಡಿಬಂದು, ಪೌಡರ್ ಕೈಯಲ್ಲೇ ತಂಗಿಯ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. "ನೀನಿದ್ರೆ ಸಾಕು ಕಣೇ, ನಂಗೆ ಬೇರೆ ಯಾರೂ ಬೇಡ" ಎಂದಳು. "ಇಷ್ಟು ಗಲಾಟೆ ಮಧ್ಯೆನೂ ಹೊಡೆದ್ಬಿಟ್ಯಲ್ಲಮ್ಮ" ಎಂದು ನೌರೀನಳಿಗೆ ಹೇಳಿ ಜಟ್ಟೆಮ್ಮ ಸೊಸೆಯ ಮೇಲೆ ಕಣ್ಣು ಕೆಕ್ಕರಿಸಿದಳು. ನೌರೀನಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇಷ್ಟು ಸಂತೋಷ ಅವಳಿಗೆ ಯಾವ ಗೃಹಪ್ರವೇಶದಲ್ಲೂ ಆಗಿರಲಿಲ್ಲ.

ಜಯಮಾಲಾ ಇನ್ನೂ ಅಲ್ಲೇ ನಿಂತಿದ್ದರು. ಗೆದ್ದ ಮನಸ್ಸು ಬೆಣ್ಣೆಯಂತೆ, ನೌರೀನ್ ಕರಗಿಬಿಟ್ಟಳು. ಪೌಡರ್ ಮೆತ್ತಿದ ಕೈಯನ್ನು ಚೀಲದತ್ತ ಚಾಚಿದಳು. "ಕೊಡಿ ಮೇಡಂ, ಆಟ ಮುಗೀತಲ್ಲ. ಒಂದೇ ನಿಮಿಷ, ನೋಡೇಬಿಡ್ತೀನಿ."

ಲುಬ್ನಾಳ ಕೈ ತಂಗಿಯ ಕೆನ್ನೆಯಿಂದ ಜಾರಿತು.

ಜಯಮಾಲಾ ಚೀಲವನ್ನು ಹಿಂದಕ್ಕೆಳೆದುಕೊಂಡರು. "ಬೇಡ. ಇಷ್ಟು ಜನರ ಮುಂದೆ ಆಗಲ್ಲ ಅಂದ್ರಿ. ನಂಗೆ ಸಿಟ್ಟು ಬಂತು, ಹೊರಟೇ ಹೋಗ್ತಿದ್ದೆ. ಆದ್ರೆ ಆ ಕೊನೇ ಏಟು ನೋಡಿದೆ ನೋಡಿ, ಇವ್ರು ಹೇಳಿದ್ರೆ ಹೇಳಿದ್ಹಾಗೆ ಅನ್ನಿಸ್ತು. ಈಗ ನೀವೇ ಬಿಟ್ಕೊಟ್ರೆ ನಾನು ನಿಂತು ನೋಡಿದ್ದಕ್ಕೇನು ಅರ್ಥ? ಸೋಮವಾರ ಬರ್ತೀನಿ. ಮೇಲ್ಮಹಡಿ ಮಾತೂ ಅವತ್ತೇ ಆಡೋಣ."

ನೌರೀನಳ ಮುಖ ಬಿಸಿಯಾಯಿತು. ಆರು ವರ್ಷ ಭಾನುವಾರದ ಬೇಲಿ ಹಾರಿದವರು ಕ್ಲೈಂಟುಗಳೆಂದೇ ಅವಳು ತಿಳಿದಿದ್ದಳು. ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಅಕ್ಕನ ಭುಜದ ಮೇಲಿಟ್ಟಳು.

"ಹತ್ತಕ್ಕೆ ಬನ್ನಿ ಮೇಡಂ" ಎಂದಳು. "ಅದಕ್ಕೆ ಮುಂಚೆ ಬಂದ್ರೆ ಬಾಗಿಲು ಹಾಕಿರುತ್ತೆ."