ತುಳಸಿಕಟ್ಟೆಯ ಲೆಮನ್ ಬಾಮ್

ಹೆಂಡತಿ ಸಪ್ಪಲಮ್ಮ ತೀರಿಕೊಂಡ ಮೇಲೆ ಮಧುರೆಯ ರಾಮಾಂಜಿನಪ್ಪನವರು ತುಳಸಿಕಟ್ಟೆಗೆ ತಾವೇ ನೀರು ಹಾಕತೊಡಗಿದರು. ಹಳೆಯ ತುಳಸಿ ಒಣಗಿಹೋಗಿ, ಅದರ ಜಾಗದಲ್ಲಿ ಆಕೆ ಕೊನೆಯದಾಗಿ ನೆಟ್ಟ ಗಿಡವೊಂದು ಇತ್ತು. ಕಾಂಡ ತುಳಸಿಯಂತೆ ಚೌಕ, ಎಲೆ ಪುದೀನದಂತೆ ಸುಕ್ಕು, ಮುಟ್ಟಿದರೆ ನಿಂಬೆಯ ವಾಸನೆ. ತೆನೆ ಮಾತ್ರ ಬಿಡದು. ದೇವರು ಇಷ್ಟನ್ನೆಲ್ಲ ಒಂದೇ ಗಿಡದಲ್ಲಿ ಏಕೆ ಕೂಡಿಸಿದನೋ ಎಂದು ಅವರು ದಿನವೂ ಬಗ್ಗಿ ನೋಡುವರು. ಯಾವುದೋ ಬೇರೆ ಜಾತಿಯ ತುಳಸಿಯೆಂದುಕೊಂಡು ಅರಿಸಿನ ಕುಂಕುಮ ಇಟ್ಟು ಪ್ರದಕ್ಷಿಣೆ ಹಾಕಿದರು. ಮಂಗಳವಾರ, ಶುಕ್ರವಾರ ತುಳಸಿ ಕೀಳಬಾರದು. ಇದನ್ನು ಅವರು ಯಾವ ವಾರವೂ ಕೀಳಲಿಲ್ಲ. ಆಕೆಯ ಕೈಯಿಂದ ಉಳಿದ ಜೀವ ಅದೊಂದೇ.

ಆದರೂ ಗಿಡ ಸೊರಗಿತು. ಕಡ್ಡಿಗಳು ಉದ್ದಕ್ಕೆ ಬೆಳೆದು ಬಾಗಿದವು. ಎಲೆಯಂಚು ಬಿಸಿಲಿಗೆ ಕಂದಿತು.

ಹೊಸಕೋಟೆಯ ಮಗಳ ಮನೆಯಲ್ಲಿ ಬಾಣಂತನ ಮುಗಿಸಿ ಬಂದ ಪಕ್ಕದ ಮನೆಯ ನೂರ್ಜಹಾನ್ ಇದನ್ನು ಕಂಡಳು.

"ಅಣ್ಣಾ, ಲೆಮನ್ ಬಾಮ್‌ಗೆ ಕುಂಕುಮ ಇಟ್ಟಿದ್ದೀರಾ!"

"ತುಳಸಿ ಅಲ್ವೇನಮ್ಮಾ ಇದು?"

"ಚಾಗೆ ಹಾಕೋ ಸೊಪ್ಪು! ನಾನೇ ಕಡ್ಡಿ ಕೊಟ್ಟಿದ್ದು. ಕುಂಡ ತರೋವರೆಗೂ ಇಲ್ಲಿರ್ಲಿ ಅಂತ ಅಕ್ಕ ನೆಟ್ರು. ನೀವು ಇದನ್ನ ಸುತ್ತೋದು ನೋಡಿದ್ರೆ ನಕ್ಕು ನಕ್ಕು ಸಾಯ್ತಿದ್ರು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ರಾಮಾಂಜಿನಪ್ಪನವರಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

"ಬದುಕುತ್ತಾ?"

"ಬುಡದ ಹತ್ರ ಕತ್ತರಿಸಿ ನೆರಳಿಗೆ ಇಡಿ. ಕತ್ತರಿಸಿದಷ್ಟೂ ಚಿಗುರುತ್ತೆ. ಹೀಗೇ ಬಿಟ್ರೆ ಬೇಸಿಗೆ ದಾಟಲ್ಲ."

"ಅವಳು ನೆಟ್ಟಿದ್ದಕ್ಕೆ ನಾನು ಕತ್ತರಿ ಹಾಕ್ಲಾ?"

"ನಮ್ಮನೆ ಗಿಡದಲ್ಲಿ ಅಕ್ಕ ದಿನಾ ಕೀಳ್ತಿದ್ರು. ನೀವು ಪೂಜೆಗೆ ಕೂತಾಗ ಇಬ್ರೂ ಕಾಂಪೌಂಡ್ ಹತ್ರ ನಿಂತು ಚಾ ಕುಡೀತಿದ್ವಿ."

ಇಷ್ಟು ವರ್ಷ ಮಂತ್ರ ಹೇಳುತ್ತ ಕೂತಿದ್ದ ಅವರಿಗೆ ಇದು ತಿಳಿದೇ ಇರಲಿಲ್ಲ. ಗಿಡಕ್ಕೆ ಕೈಮುಗಿದು, ಕಡ್ಡಿಗಳನ್ನು ಬುಡದ ಹತ್ತಿರ ಕತ್ತರಿಸಿದರು. ನೂರ್ಜಹಾನ್ ಬೇರುಸಮೇತ ಬುಡವನ್ನು ಕುಂಡಕ್ಕೆ ಬದಲಿಸಿ ಹೊಂಗೆಯ ನೆರಳಿಗೆ ಇಟ್ಟಳು. ಮೋಟುಗಳನ್ನು ನೋಡಿ ಆ ದಿನ ಅವರಿಗೆ ಊಟ ಸೇರಲಿಲ್ಲ.

ಯುಗಾದಿ ಕಳೆಯುವ ಹೊತ್ತಿಗೆ ಬುಡದ ಸುತ್ತ ಚಿಗುರು ಒತ್ತಾಗಿ ಎದ್ದಿತ್ತು. ಮೊದಲ ಎಲೆಗಳನ್ನು ದೇವರ ಮುಂದಿಟ್ಟು, ಉಳಿದವನ್ನು ಕಾಂಪೌಂಡಿನಾಚೆ ನೂರ್ಜಹಾನ್ ಕೈಗೆ ಕೊಟ್ಟರು. ಅವಳು ಚಾ ಮಾಡಿ ತಂದಳು. ಒಂದು ಗುಟುಕು ಕುಡಿದು ಕೇಳಿದರು:

"ಇದಕ್ಕೆ ಶುಂಠಿ ಹಾಕ್ತಿದ್ಲಾ ಅವಳು?"

"ಅಯ್ಯೋ, ಶುಂಠಿ ಹಾಕಿದ್ರೆ ನಿಂಬೆ ವಾಸ್ನೆ ಹೋಗುತ್ತೆ ಅಂತ ನನ್ ಜೊತೆ ಜಗಳ ಆಡ್ತಿದ್ರು."

"ಜಗಳಾನಾ? ನಮ್ಮ ಸಪ್ಪಲಮ್ಮನಾ?" ಅವರು ಲೋಟವನ್ನು ಗೋಡೆಯ ಮೇಲಿಟ್ಟರು. "ಅದನ್ನ ಮೊದಲಿಂದ ಹೇಳಮ್ಮಾ."