ಪಿಳ್ಳಮ್ಮನ ಸೀಟು

ಭಾನುವಾರ ಬೆಳಿಗ್ಗೆ ಬ್ಯಾಡರಹಳ್ಳಿಯ ಆ ಅಡ್ಡರಸ್ತೆಗೆ ಬಂದವರಿಗೆ ಭೈರೇಶನ ಮುಖ ಕಾಣುತ್ತಿದ್ದುದೇ ಅಪರೂಪ. ಮನೆ ಮುಂದೆ ನಿಂತ ದೊಡ್ಡ ಕಾರಿನ ಬಾಗಿಲುಗಳೆಲ್ಲ ಹಾರುಹೊಡೆದಿರುತ್ತಿದ್ದವು. ಒಳಗಿನಿಂದ ಅವನ ಎರಡು ಕಾಲು ಮಾತ್ರ ಹೊರಗೆ ಚಾಚಿರುತ್ತಿದ್ದವು. ಏಳು ಜನ ಕೂರುವ ಗಾಡಿ. ಮಾಗಡಿ ರಸ್ತೆಯಲ್ಲಿ ಪೇಂಟ್ ಅಂಗಡಿ ಇಟ್ಟಿದ್ದ ಭೈರೇಶ್ ಅದನ್ನು ಕಳೆದ ದಸರಾಕ್ಕೆ ಕೊಂಡಿದ್ದ. ಅಂದಿನಿಂದ ವಾರಕ್ಕೊಂದು ಹೊಸದನ್ನು ಅದಕ್ಕೆ ಸಿಕ್ಕಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಯಾವ ಅಂಗಡಿಯವರ ಕೈಗೂ ಅವನು ಗಾಡಿ ಕೊಡುತ್ತಿರಲಿಲ್ಲ. ಅವರು ಕಂಡಕಂಡಲ್ಲಿ ವೈರು ಕತ್ತರಿಸುತ್ತಾರೆ ಎನ್ನುವುದು ಅವನ ದೂರು. ಜೆ.ಸಿ. ರಸ್ತೆಯಿಂದ ಸಾಮಾನು ತಂದು, ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು, ಒಂದು ಬೋಲ್ಟು ಬಿಚ್ಚಿ ಎರಡು ಸಲ ನೋಡಿ ಎಲ್ಲವನ್ನೂ ತಾನೇ ಮಾಡುತ್ತಿದ್ದ. ಮುಂದಿನ ಗ್ರಿಲ್ಲಿಗೆ ಕಪ್ಪು ಬಣ್ಣ ಬಳಿದ. ಬಾಗಿಲುಗಳ ಒಳಗೆ ಹೊರಗಿನ ಸದ್ದು ಬಾರದಂತೆ ಹಾಳೆ ಅಂಟಿಸಿದ. ಕಾಲಿಡುವ ಕಡೆ ನೀಲಿ ದೀಪದ ಪಟ್ಟಿ ಓಡಿಸಿದ.

"ಮದುವೆಗಿರೋಳು ನಿನ್ನ ತಂಗಿ ಕಣೋ, ಈ ಗಾಡಿ ಅಲ್ಲ" ಎಂದು ತಾಯಿ ಮುನಿಲಕ್ಷ್ಮಮ್ಮ ಹಂಗಿಸಿದರೆ ಅವನು ನಕ್ಕು ಮತ್ತೆ ಒಳಗೆ ತೂರಿಕೊಳ್ಳುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಕೆಲಸ ನಡೆದದ್ದು ಗಾಡಿಯ ಹಿಂಭಾಗದಲ್ಲಿ. ಅಲ್ಲಿದ್ದ ಕೊನೆಯ ಸಾಲಿನ ಎರಡು ಸೀಟುಗಳನ್ನು ಕಿತ್ತು, ಮೂಡಲಪಾಳ್ಯದಿಂದ ತಂದ ಪ್ಲೈವುಡ್ಡಿನಲ್ಲಿ ಒಂದು ಪೆಟ್ಟಿಗೆ ಹೊಡೆದು, ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ಊಫರ್ ಸ್ಪೀಕರು ಕೂರಿಸಿದ. ಪೆಟ್ಟಿಗೆಗೆ ಕಪ್ಪು ಕಾರ್ಪೆಟ್ ಹೊದಿಸಿದ್ದ ಅಚ್ಚುಕಟ್ಟು ನೋಡಿದರೆ ಯಾರಾದರೂ ಬೆನ್ನು ತಟ್ಟಲೇಬೇಕು. ಮೊದಲ ಸಲ ಹಾಡು ಹಾಕಿದಾಗ ಎದುರು ಮನೆಯ ಕಿಟಕಿ ಗಾಜು ಗಡಗಡ ನಡುಗಿತು. "ಹೊಟ್ಟೆ ಒಳಗೇ ಯಾರೋ ರಾಗಿ ಬೀಸ್ದಂಗಾಯ್ತು ಕಣೋ" ಎಂದು ಪಿಳ್ಳಮ್ಮ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ನಕ್ಕಳು.

ಪಿಳ್ಳಮ್ಮ ಭೈರೇಶನ ಸೋದರತ್ತೆ, ಅವನ ತಂದೆ ಮುನಿವೆಂಕಟಪ್ಪನ ತಂಗಿ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಮುನಿಲಕ್ಷ್ಮಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಭೈರೇಶನಿಗೂ ಅವನ ತಂಗಿ ಧನ್ಯಶ್ರೀಗೂ ಉಣ್ಣಿಸಿ, ತಲೆ ಬಾಚಿ, ಶಾಲೆಗೆ ಬಿಟ್ಟು ಬರುತ್ತಿದ್ದವಳು ಅವಳೇ. ಹೊಸ ಗಾಡಿ ಬಂದಾಗ ಕೊನೆಯ ಸಾಲಿನ ಎಡಗಡೆಯ ಸೀಟು ತನ್ನದೆಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. "ಇಲ್ಲಿ ಕೂತ್ರೆ ಹಿಂದೆ ಬರೋರೆಲ್ಲಾ ಕಾಣ್ತಾರೆ" ಎನ್ನುವುದು ಅವಳ ಕಾರಣ. ಆ ಸೀಟನ್ನು ಕಿತ್ತ ದಿನ ಮಹಡಿಯ ಕೋಣೆಗೆ ಹೊತ್ತೊಯ್ಯುವಾಗ ಒಂದು ತುದಿಯನ್ನು ಹಿಡಿದುಕೊಂಡಿದ್ದವಳೂ ಅವಳೇ. ಆಮೇಲೆ ಪ್ಲೈವುಡ್ಡಿನ ಹೊಟ್ಟನ್ನೆಲ್ಲ ಗುಡಿಸಿದಳು. ಏನೂ ಕೇಳಲಿಲ್ಲ. ಭೈರೇಶನಿಗೂ ಏನೂ ಹೊಳೆಯಲಿಲ್ಲ.

ಧನ್ಯಶ್ರೀಗೆ ಕೆಂಗೇರಿಯಿಂದ ಒಂದು ಸಂಬಂಧ ಕೂಡಿಬಂತು. ಹುಡುಗ ಉದಯಕುಮಾರ್ ಬಂದು ನೋಡಿ ಹೋಗಿದ್ದ, ಇಬ್ಬರಿಗೂ ಒಪ್ಪಿಗೆಯಾಗಿತ್ತು. ಇನ್ನು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗಬೇಕು. ಆ ಶನಿವಾರ ಸಂಜೆ ಮುನಿಲಕ್ಷ್ಮಮ್ಮನ ಅಣ್ಣ ಬೆಟ್ಟಯ್ಯ ಜಗಲಿಯ ಕುರ್ಚಿಯಲ್ಲಿ ಕೂತು, ಕಾಫಿ ಕುಡಿಯುತ್ತ, ನಾಳೆ ಹೊರಡುವವರ ಲೆಕ್ಕ ಹಾಕಿದ.

"ನಾನು, ಭಾವ, ನೀನು, ಭೈರೇಶ, ಅವನ ಹೆಂಡ್ತಿ ಮಾನಸ. ಐದು ಜನ, ಐದು ಸೀಟು. ಸರಿಹೋಯ್ತು."

ಕಾರಿನ ದೀಪ ಒರೆಸುತ್ತಿದ್ದ ಭೈರೇಶ್ ತಲೆಯೆತ್ತಿ, "ಅತ್ತೆ?" ಎಂದ.

"ಸೀಟೆಲ್ಲೈತೆ? ನೀನೇ ಕಿತ್ತಾಕಿದೀಯಲ್ಲಪ್ಪ."

"ಅದೇನು ಮಾವ, ನಾನೂ ಮಾನಸಾನೂ ಸ್ಕೂಟರ್‌ನಲ್ಲಿ ಬರ್ತೀವಿ. ಗಾಡಿ ಓಡ್ಸೋಕೆ ಡ್ರೈವರ್ ಕರ್ಸಿದ್ರಾಯ್ತು. ಇಲ್ಲಾ, ಒಂದು ಕ್ಯಾಬ್ ಹೇಳಿದ್ರಾಯ್ತು."

ಬೆಟ್ಟಯ್ಯ ಲೋಟ ಕೆಳಗಿಟ್ಟ. ಮುನಿಲಕ್ಷ್ಮಮ್ಮ ಸೆರಗಿನ ತುದಿ ಸರಿಮಾಡಿಕೊಂಡಳು. ಮುನಿವೆಂಕಟಪ್ಪ ರಸ್ತೆಯ ಕಡೆ ನೋಡುತ್ತ ಕೂತಿದ್ದ.

"ಒಳ್ಳೆ ಕೆಲ್ಸಕ್ಕೆ ಹೊರಟಿದೀವಿ. ಬಾಯ್ಬಿಟ್ಟು ಹೇಳಿಸ್ಬೇಡ" ಎಂದ ಬೆಟ್ಟಯ್ಯ. "ಮೊದಲ್ನೇ ಸಲ ಅವರ ಹೊಸ್ತಿಲು ತುಳೀತಿರೋದು. ಗಂಡ ಸತ್ತೋಳನ್ನ ಮುಂದೆ ಮಾಡ್ಕೊಂಡು ಬಂದ್ರು ಅಂತ ಅವರಲ್ಲಿ ಯಾವ ಮುದುಕಿನಾದ್ರೂ ಅಂದ್ರೆ?"

"ಈ ಕಾಲದಲ್ಲೂ ಇದೆಲ್ಲಾ ನೋಡ್ತಾರಾ?"

"ನೋಡ್ತಾರೆ ಕಣೋ" ಎಂದಳು ಮುನಿಲಕ್ಷ್ಮಮ್ಮ. ಅವಳ ದನಿಯಲ್ಲಿ ಗತ್ತಿರಲಿಲ್ಲ, ಹೆದರಿಕೆಯಿತ್ತು. "ಪಿಳ್ಳಮ್ಮನ ಮೇಲೆ ನಂಗೇನು ಕೋಪವಾ? ನಾಳೆ ಧನ್ಯಳ ಬಾಳಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ರೂ ಪಿಳ್ಳಮ್ಮನ ಕಡೇನೇ ಬೆರಳು ತೋರಿಸ್ತಾರೆ. ಆ ಮಾತು ಅವಳಿಗ್ಯಾಕೆ ಬೇಕು? ಸೀಟಿರ್ಲಿಲ್ಲ ಅಂದ್ರೆ ಯಾರಿಗೂ ನೋವಾಗಲ್ಲ."

ಅಡುಗೆಮನೆಯಿಂದ ಪಿಳ್ಳಮ್ಮನ ಮಾತು ಕೇಳಿಸಿತು. "ನಂಗೆ ಮಂಡಿ ನೋವು ಕಣ್ ಅತ್ತಿಗೆ. ಎಲ್ರೂ ಹೋದ್ರೆ ಧನ್ಯ, ಮಗು ಇಬ್ರೇ ಆಗ್ತಾರೆ, ಮನೇಲಿ ಯಾರಾದ್ರೂ ಇರಬೇಕಲ್ಲ. ನೀವು ಹೋಗ್ಬನ್ನಿ."

ಬೆಟ್ಟಯ್ಯ ನಿರಾಳವಾಗಿ ಲೋಟ ಎತ್ತಿಕೊಂಡ. ಭೈರೇಶನಿಗೆ ಒಂದೊಂದಾಗಿ ನೆನಪಾಗತೊಡಗಿತು. ತನ್ನ ಮದುವೆಯ ನಿಶ್ಚಿತಾರ್ಥದ ದಿನ ಅತ್ತೆಗೆ ಮಂಡಿ ನೋವಿತ್ತು. ತನ್ನ ಮಗುವಿನ ನಾಮಕರಣದಲ್ಲಿ ತೊಟ್ಟಿಲು ತೂಗುವ ಹೊತ್ತಿಗೆ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಾಡಿಗೆ ಪೆಟ್ಟಿಗೆ ಬಂದ ಮೇಲೆ ಮಂಡಿಯ ಮಾತು ಕಡಿಮೆಯಾಗಿ 'ಸೀಟಿಲ್ಲ' ಎಂಬ ಮಾತು ಶುರುವಾಗಿತ್ತು. ಮನೆಯವರಿಗೆಲ್ಲ ಬೇಕಾಗಿದ್ದ ಒಂದು ನೆಪವನ್ನು ಅವನು ತನ್ನ ಕೈಯಾರೆ ಅಳತೆ ಮಾಡಿ, ಪ್ಲೈವುಡ್ಡಿನಲ್ಲಿ ಹೊಡೆದು, ಮೇಲೆ ಕಾರ್ಪೆಟ್ ಬೇರೆ ಹೊದಿಸಿ ಕೊಟ್ಟಿದ್ದ.

ಸ್ವಲ್ಪ ಹೊತ್ತಿನ ಮೇಲೆ ಪಿಳ್ಳಮ್ಮ ಕೈ ಒರೆಸಿಕೊಳ್ಳುತ್ತ ಕಾರಿನ ಹತ್ತಿರ ಬಂದಳು.

"ಭೈರಾ, ನಾಳೆ ಒಂದು ಕೆಲ್ಸ ಮಾಡು. ಮಾನಸಂಗೆ ಹೇಳಿದ್ರೆ ನಾಚ್ಕೊಂಡಾಳು, ಅದಕ್ಕೆ ನಿಂಗೆ ಹೇಳ್ತೀನಿ. ನಡುಮನೆ, ಸೋಫಾ, ಟಿವಿ ಎಲ್ಲಾ ಅವರೇ ತೋರಿಸ್ತಾರೆ. ನೀನು ಬಚ್ಚಲುಮನೆ ಒಳಗೆ ಹೋಗಿ ಚಿಲಕ ಹಾಕಿ ನೋಡು. ಒಳಗಿಂದ ಗಟ್ಟಿಯಾಗಿ ಬೀಳ್ಬೇಕು."

ಭೈರೇಶ್ ನಕ್ಕುಬಿಟ್ಟ. "ಚಿಲಕಾನಾ? ಅಷ್ಟು ದೊಡ್ಡ ಮನೆ ಅತ್ತೆ ಅವರದ್ದು!"

"ನಮ್ಮತ್ತೆ ಮನೇನೂ ದೊಡ್ಡದೇ ಇತ್ತು" ಎಂದಳು ಪಿಳ್ಳಮ್ಮ. "ಬಚ್ಚಲಿಗೆ ಚಿಲಕ ಇರ್ಲಿಲ್ಲ. ನಮ್ಮ ಮನೆಯವ್ರು ಇರೋವರ್ಗೂ ಅದೊಂದು ಕೊರತೆ ಅನ್ನಿಸಿರ್ಲಿಲ್ಲ. ಅವರು ಹೋದ್ಮೇಲೆ, ಆ ಮನೇಲಿ ಮೈದುನ ಇದ್ನಲ್ಲ... ಬಾಗಿಲಿಗೆ ತುಂಬಿದ ಬಿಂದಿಗೆ ಒತ್ತಿಟ್ಟು ಸ್ನಾನ ಮಾಡ್ತಿದ್ದೆ ಕಣೋ. ಬಿಂದಿಗೆ ಒಂಚೂರು ಅಲ್ಲಾಡಿದ್ರೆ ಜೀವ ಬಾಯಿಗೆ ಬರೋದು. ಮರೀದೆ ನೋಡು."

ಅಷ್ಟು ಹೇಳಿ ಅವಳು ಮಾರನೆಯ ದಿನಕ್ಕೆ ಹಣ್ಣು ತೊಳೆದಿಡಲು ಒಳಗೆ ಹೋದಳು. ಭೈರೇಶ್ ಬಟ್ಟೆ ಕೈಯಲ್ಲಿ ಹಿಡಿದು ನಿಂತೇ ಇದ್ದ. ತನ್ನನ್ನು ಎತ್ತಿ ಆಡಿಸಿದ ಹೆಂಗಸಿನ ಬಗ್ಗೆ ತನಗೆ ಇಷ್ಟು ದಿನ ಏನೂ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಬೆಳಗಾಗುತ್ತಿದ್ದಂತೆ ಅವನು ಸ್ಪ್ಯಾನರ್ ಹಿಡಿದು ಗಾಡಿಯ ಹಿಂಬಾಗಿಲು ತೆರೆದ. ಆಂಪ್ಲಿಫೈಯರಿನ ವೈರು ಕಳಚಿ, ಪೆಟ್ಟಿಗೆಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ಹಿಂದೆ ಯಾರೋ ಬಂದು ನಿಂತಂತಾಗಿ ತಿರುಗಿದರೆ ಅಪ್ಪ. ಮುನಿವೆಂಕಟಪ್ಪ ಅಂಗೈ ಚಾಚಿದ. ಭೈರೇಶ್ ಬಿಚ್ಚಿದ ಬೋಲ್ಟುಗಳನ್ನು ಅದರಲ್ಲಿ ಹಾಕುತ್ತ ಹೋದ. ಪೆಟ್ಟಿಗೆ ಇಳಿಸಿದರು. ಮಹಡಿಯಿಂದ ಸೀಟುಗಳನ್ನು ತರುವಾಗ ಮುದುಕ ಒಂದು ತುದಿ ಹಿಡಿದ. ಮೆಟ್ಟಿಲಿಗೊಮ್ಮೆ ಏದುಸಿರು ಬಿಟ್ಟರೂ ಕೈ ಬಿಡಲಿಲ್ಲ.

"ಅವಳನ್ನ ಆ ಮನೆಯಿಂದ ಸೈಕಲ್ ಮೇಲೆ ಕೂರಿಸ್ಕೊಂಡು ಬಂದೆ" ಎಂದ ಮುನಿವೆಂಕಟಪ್ಪ, ಸೀಟಿನ ಮೇಲಿನ ಧೂಳು ಒರೆಸುತ್ತ. "ಹಿಂದೆ ಅವಳು, ಮುಂದೆ ಕಂಬಿ ಮೇಲೆ ಅವಳ ಪೆಟ್ಟಿಗೆ. ಅವತ್ತು ಸೈಕಲ್‌ನಲ್ಲಿ ಜಾಗ ಇತ್ತು ಕಣೋ."

ಬಾಗಿಲಲ್ಲಿ ರಂಗೋಲಿ ಬಟ್ಟಲು ಹಿಡಿದು ನಿಂತಿದ್ದ ಮುನಿಲಕ್ಷ್ಮಮ್ಮ ಅದನ್ನು ಕೇಳಿಸಿಕೊಂಡಳು. ಅಂಗಳದಲ್ಲಿ ಬಿದ್ದಿದ್ದ ಪೆಟ್ಟಿಗೆಯನ್ನೂ ಗಂಡನ ಮುಖವನ್ನೂ ನೋಡಿದಳು. ರಂಗೋಲಿ ಅರ್ಧಕ್ಕೇ ಬಿಟ್ಟು ಒಳಗೆ ಹೋದಳು.

ಹೊರಡುವ ಹೊತ್ತಿಗೆ ಬೆಟ್ಟಯ್ಯ ಬಂದು ಹಿಂದೆ ಇಣುಕಿದ. "ಎಲ್ಲೋ ನಿನ್ನ ಡಬ್ಬ?"

"ತೆಗೆದಾಕ್ದೆ ಮಾವ. ಜಾಗ ಸಾಲ್ತಿರ್ಲಿಲ್ಲ."

ಬೆಟ್ಟಯ್ಯ ಬಾಯಿ ತೆರೆಯುವಷ್ಟರಲ್ಲಿ ಮುನಿಲಕ್ಷ್ಮಮ್ಮ ನಾದಿನಿಯ ಕೈ ಹಿಡಿದುಕೊಂಡು ಹೊರಗೆ ಬಂದಳು. ಪಿಳ್ಳಮ್ಮನ ಮೈಮೇಲೆ ಅತ್ತಿಗೆಯ ಹಸಿರು ರೇಷ್ಮೆ ಸೀರೆಯಿತ್ತು. "ಬೇಡ ಅತ್ತಿಗೆ, ಮಂಡಿ..." ಎಂದು ಅವಳು ಇನ್ನೂ ಹೇಳುತ್ತಲೇ ಇದ್ದಳು.

"ಮಂಡಿ ನೋವಾದ್ರೆ ಕೂತ್ಕೊಂಡು ಹೋಗೋದು ತಾನೆ? ಹತ್ತು" ಎಂದಳು ಮುನಿಲಕ್ಷ್ಮಮ್ಮ.

ಪಿಳ್ಳಮ್ಮ ತನ್ನ ಹಳೆಯ ಜಾಗದಲ್ಲೇ, ಎಡಗಡೆಯ ಕಿಟಕಿಯ ಪಕ್ಕ ಕೂತಳು. ಮುನಿವೆಂಕಟಪ್ಪ ಹೋಗಿ ತಂಗಿಯ ಪಕ್ಕ ಕೂತ. ಉಲ್ಲಾಳದ ಕಡೆಯಿಂದ ಕೆಂಗೇರಿ ಮುಟ್ಟುವವರೆಗೂ ಗಾಡಿಯಲ್ಲಿ ಹಾಡಿರಲಿಲ್ಲ. ಹಿಂದೆ ಅಣ್ಣ ತಂಗಿ ಹಳೆಯ ಹಸುವೊಂದರ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು.

ಉದಯಕುಮಾರನ ತಾಯಿ ಯಶೋದಮ್ಮ ಎಲ್ಲರನ್ನೂ ಪ್ರೀತಿಯಿಂದಲೇ ಕರೆದು ಕೂರಿಸಿದರು. ಕೇಸರಿಭಾತು, ಉಪ್ಪಿಟ್ಟು, ಕಾಫಿ ಆಯಿತು. ನಡುವೆ ಪಿಳ್ಳಮ್ಮ, "ಬಚ್ಚಲುಮನೆ ಎಲ್ಲಮ್ಮಾ?" ಎಂದು ಕೇಳಿ ಎದ್ದು ಹೋದಳು. ಯಶೋದಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ಮಲ್ಲಿಗೆ, ತಾಂಬೂಲ ಇಟ್ಟುಕೊಂಡು ಬರುವಷ್ಟರಲ್ಲಿ ಅವಳು ತಿರುಗಿ ಬಂದಿದ್ದಳು. ತಟ್ಟೆ ಕಂಡದ್ದೇ ತಡ, ಕೂರದೆ ಅಡುಗೆಮನೆ ಬಾಗಿಲ ಮರೆಗೆ ಸರಿದು ನಿಂತಳು.

ಮುನಿಲಕ್ಷ್ಮಮ್ಮನಿಗಾಯಿತು, ಮಾನಸಳಿಗಾಯಿತು. ಯಶೋದಮ್ಮನ ಕಣ್ಣು ಪಿಳ್ಳಮ್ಮನ ಬರಿ ಹಣೆಯ ಮೇಲೆ ಬಿತ್ತು. ಅವರು ತಟ್ಟೆ ಹಿಡಿದು ನಿಂತುಬಿಟ್ಟರು. ಬೆಟ್ಟಯ್ಯ ತಲೆಯೆತ್ತಿ ಫ್ಯಾನು ನೋಡತೊಡಗಿದ. ಭೈರೇಶನಿಗೆ ತಂಗಿಯ ಸಂಬಂಧ ತನ್ನಿಂದಲೇ ಮುರಿದುಬೀಳುವುದೇನೋ ಎನಿಸಿತು.

ಮುನಿಲಕ್ಷ್ಮಮ್ಮ ಎದ್ದು ನಿಂತಳು.

"ಇವ್ರು ನಮ್ಮ ಯಜಮಾನ್ರ ತಂಗಿ. ಧನ್ಯಳನ್ನ ನಾನು ಹೆತ್ತೆ ಅಷ್ಟೆ, ಸಾಕಿದ್ದೆಲ್ಲಾ ಇವ್ರು. ಮದ್ವೇಲೂ ಇವ್ರು ಮುಂದೇನೇ ಇರ್ತಾರೆ. ನಿಮ್ಮ ಕಡೆ ಇದು ನಡೆಯಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ ತಾಯಿ, ಬೇಜಾರಿಲ್ಲ."

ಯಶೋದಮ್ಮ ಅಡುಗೆಮನೆ ಬಾಗಿಲ ಹತ್ತಿರ ಹೋಗಿ, ತಟ್ಟೆಯಿಂದ ಒಂದು ಮೊಳ ಮಲ್ಲಿಗೆ ಎತ್ತಿದರು.

"ನಂಗೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲಮ್ಮ, ತಪ್ಪು ತಿಳ್ಕೋಬೇಡಿ. ಹೂವು ಮುಡೀತೀರಾ?"

"ಮುಡಿದು ಅಭ್ಯಾಸ ತಪ್ಪೋಗಿದೆ" ಎಂದಳು ಪಿಳ್ಳಮ್ಮ. "ಕೈಗೆ ಕೊಡಿ."

ಮರಳಿ ಗಾಡಿ ಹತ್ತಿದಾಗಲೂ ಆ ಹೂವು ಅವಳ ಅಂಗೈಯಲ್ಲೇ ಇತ್ತು. ಬಾಗಿಲು ಹಾಕಿಕೊಂಡ ಮೇಲೆ ಬೆಟ್ಟಯ್ಯ ಕತ್ತು ತಿರುಗಿಸಿದ.

"ಏನಂತೀರಾ ಎಲ್ರೂ? ಮನೆ ಹೆಂಗೈತೆ?"

ಮುನಿಲಕ್ಷ್ಮಮ್ಮ ಹಿಂದಕ್ಕೆ ನೋಡಿದಳು. ಮಾನಸಳೂ ತಿರುಗಿದಳು. ಭೈರೇಶ್ ಕೀಲಿಯ ಮೇಲೆ ಕೈಯಿಟ್ಟುಕೊಂಡು ಮೇಲಿನ ಕನ್ನಡಿಯಲ್ಲಿ ಅತ್ತೆಯ ಮುಖ ನೋಡುತ್ತ ಕಾದ.

"ಚಿಲಕ ಒಳಗಿಂದ ಗಟ್ಟಿಯಾಗಿ ಬೀಳುತ್ತೆ" ಎಂದಳು ಪಿಳ್ಳಮ್ಮ. "ಹುಡ್ಗೀನ ಕೊಡ್ಬೋದು."

ಭೈರೇಶ್ ಗಾಡಿ ಶುರು ಮಾಡಿದ.