ಕಿರುಬೆರಳಿನ ಅಳತೆ

"ಹಾಕು, ಹಾಕು. ಇನ್ನೂ ಬಂದಿಲ್ಲ," ಎಂದು ಕಾರಿನ ಕೆಳಗಿನ ಗುಂಡಿಯಿಂದ ಅಪ್ಪ ಕೂಗಿದ.

ಮಗಳು ಬಾನೆಟ್ಟಿನೊಳಗೆ ಬಗ್ಗಿ, ಗೇರ್‌ಬಾಕ್ಸಿಗೆ ಇಳಿಬಿಟ್ಟ ಪೈಪಿಗೆ ಸಿಕ್ಕಿಸಿದ್ದ ಆಲಿಕೆಗೆ ಗೇರ್ ಆಯಿಲ್ ಸುರಿಯುತ್ತಿದ್ದಳು. ಜೇನಿನಷ್ಟು ಮಂದ, ಅವಸರ ಮಾಡಿದರೆ ಉಕ್ಕಿಬಿಡುತ್ತದೆ. ಅವಳಿಗೋ ಅವಸರವೇ ಅವಸರ. ಐದು ಗಂಟೆಯೊಳಗೆ ಬಸ್ ಡಿಪೋಗೆ ಹೋಗಿ ಮೆಕ್ಯಾನಿಕ್ ಕೆಲಸಕ್ಕೆ ಹಾಜರಾಗಬೇಕು. ಇವತ್ತೇ ಕೊನೆಯ ದಿನ. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರ ಪಾಲು. ಹನ್ನೊಂದು ವರ್ಷ ಈ ತಗಡಿನ ಶೆಡ್ಡಿನಲ್ಲಿ ಬೆಂದವಳಿಗೆ ಸಿಕ್ಕಿದ್ದು ಇದೊಂದೇ ದಾರಿ. "ಹೋಗು ತಾಯಿ, ನೀನು ಹುಟ್ಟೋಕ್ ಮುಂಚೆ ಈ ಶೆಡ್ ನಡೀತಿರ್ಲಿಲ್ವಾ?" ಎಂದು ಅಪ್ಪನೇ ಹೇಳಿದ್ದ. ಹಾಗೆ ಹೇಳಿದವನೇ ಈ ಕಾರನ್ನೂ ಒಳಗೆ ಬಿಟ್ಟುಕೊಂಡಿದ್ದ.

ಟ್ಯಾಕ್ಸಿ ಡ್ರೈವರ್ ಪಕ್ಕದಲ್ಲೇ ನಿಂತು ಗೊಣಗುತ್ತಿದ್ದ. "ಮೂರನೇ ಗೇರ್ ಹಾಕಿದ್ರೆ ಗೊರಗೊರ ಅನ್ನುತ್ತೆ ಕಣಮ್ಮ. ಹೋದ ತಿಂಗ್ಳು ತಾನೆ ಯಜಮಾನ್ರು ಬೆರಳಿಟ್ಟು, ಆಯಿಲ್ ಭರ್ತಿ ಇದೆ ಅಂದಿದ್ರು."

ಯಜಮಾನರ ಬೆರಳೆಂದರೆ ಆ ರಸ್ತೆಗೆಲ್ಲ ಸರ್ಟಿಫಿಕೇಟ್. ಗೇರ್‌ಬಾಕ್ಸಿನ ಪಕ್ಕದ ಬೋಲ್ಟ್ ಬಿಚ್ಚಿ, ಮರೆಯಲ್ಲಿರುವ ತೂತಿಗೆ ಕಿರುಬೆರಳು ತೂರಿಸಬೇಕು. ಆಯಿಲ್ ತೂತಿನ ಅಂಚಿಗೆ ತಾಗಿದರೆ ಸರಿ, ಇಲ್ಲದಿದ್ದರೆ ತುಂಬಬೇಕು. ಇದಕ್ಕೆ ಅಪ್ಪ ಟಾರ್ಚನ್ನೂ ಮುಟ್ಟುತ್ತಿರಲಿಲ್ಲ, ಮಗಳನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕೈ ಹೇಗೂ ಸದಾ ಕಪ್ಪು. ಹೊರಬಂದ ಬೆರಳು ಹಸಿಯೋ ಒಣಗಿದ್ದೋ ಎಂದು ಯಾರು ತಾನೇ ನೋಡುತ್ತಾರೆ?

ಕೆಳಗೆ ಟಪ್ ಟಪ್ ಎಂದಿತು. ಅವಳು ಎಂಜಿನ್ನಿನ ಸಂದಿಯಿಂದ ಇಣುಕಿದಳು. ಆಯಿಲ್ ಉಕ್ಕಿ, ಅಪ್ಪನ ಬೆರಳು ದಾಟಿ, ಮಣಿಕಟ್ಟು ದಾಟಿ, ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ.

"ಯಾಕ್ ನಿಲ್ಲಿಸ್ದೆ? ಹಾಕು, ಇನ್ನೂ ಬಂದಿಲ್ಲ."

ಅವಳಿಗೆ ಮೊದಲು ಬಂದದ್ದು ಸಿಟ್ಟು, ಕನಿಕರ ಆಮೇಲೆ. ಶುಗರ್ ಬಂದು ಕಾಲು ಜೋಮು ಹಿಡಿದದ್ದು ಮನೆಗೆಲ್ಲ ಗೊತ್ತಿತ್ತು. ಅದು ಕೈಗೂ ಹಬ್ಬಿದ ವಿಷಯ ಅವನು ಬಾಯಿ ಬಿಟ್ಟಿರಲಿಲ್ಲ. ಹೀಗೆ ಎಷ್ಟು ಕಾರುಗಳನ್ನು ಭರ್ತಿ ಎಂದು ಕಳಿಸಿದ್ದಾನೋ! ಅವಳು ಕ್ಯಾನು ಕೆಳಗಿಟ್ಟು ಗುಂಡಿಗೆ ಇಳಿದಳು.

"ಅಪ್ಪಾ, ಕಣ್ ಬಿಡು."

ಅವನು ತನ್ನ ಮೊಣಕೈ ನೋಡಿಕೊಂಡ.

"ಎಷ್ಟ್ ದಿನದಿಂದ?"

"ನೀನು ಹೊರಡು. ಹೊತ್ತಾಯ್ತು."

"ಎಷ್ಟ್ ದಿನದಿಂದ ಅಂತ ಕೇಳ್ದೆ."

"ಚಳಿಗಾಲದಿಂದ. ಚಳಿಗೆ ಹಿಂಗಾಗಿದೆ, ಸರಿಹೋಗುತ್ತೆ ಅಂದ್ಕೊಂಡೆ."

ಮೇಲಿನಿಂದ ಡ್ರೈವರ್ ಬಗ್ಗಿ ಕೇಳಿದ: "ಏನ್ ಯಜಮಾನ್ರೆ, ಭರ್ತಿ ಆಯ್ತಾ?"

ಅಪ್ಪ ಬೈಗುಳ ಕಾಯುವವನಂತೆ ಮಗಳ ಮುಖ ನೋಡಿದ.

ಅವಳು ಅವನ ಕೈ ಸರಿಸಿ, ಪೈಪ್ ಎಳೆದುಹಾಕಿ, ತೂತಿನ ಅಂಚಿಗೆ ತನ್ನ ಕಿರುಬೆರಳಿಟ್ಟಳು. "ಜಾಸ್ತಿ ಆಗಿದೆ ಅಣ್ಣಾ, ಇಳೀಲಿ. ಆಮೇಲೆ ಅಪ್ಪ ಹೇಳ್ತಾರೆ," ಎಂದಳು.

ಹೆಚ್ಚಾದದ್ದು ತಾನಾಗಿ ಇಳಿದು ನಿಲ್ಲುವವರೆಗೆ ಬೋಲ್ಟ್ ಹಾಕುವಂತಿರಲಿಲ್ಲ, ಮರೆಯ ತೂತಿನಲ್ಲಿ ಅದು ನಿಂತದ್ದು ತಿಳಿಯಬೇಕಾದದ್ದು ಬೆರಳಿಗೇ. ಐದಕ್ಕೆ ಇಪ್ಪತ್ತು ನಿಮಿಷವಿತ್ತು, ಡಿಪೋಗೆ ಹದಿನೈದು ನಿಮಿಷದ ದಾರಿ. ಆಯಿಲ್ ಅವಳ ಬೆರಳಿನ ಮೇಲಿಂದ ಬೆಚ್ಚಗೆ, ನಿಧಾನವಾಗಿ, ಮಣಿಕಟ್ಟಿನ ಕಡೆಗೆ ಹರಿಯತೊಡಗಿತು.